ಒಂದು ದೀರ್ಘದ ದೂರ

ಸಿದ್ದಾಪುರ

ದಿಲ್ಲಿಯಿಂದ ಕಠ್ಮಂಡುವಿಗೆ ಆಕಾಶದ ದಾರಿಯಲ್ಲಿ ಎಂಟುನೂರು ಕಿಲೋಮೀಟರ್ ಚಿಲ್ಲರೆ. ವಿಮಾನಕ್ಕೆ ಒಂದೂವರೆ ತಾಸು, ತಡವಾದರೆ ಒಂದೂಮುಕ್ಕಾಲು. ಎರಡು ರಾಜಧಾನಿಗಳ ನಡುವಿನ ದೂರ ಅಳೆಯುವುದು ನನ್ನ ಭೂಗೋಳದ ತರಗತಿಯ ಖಾಯಂ ಪಾಠ. ಈ ಲೆಕ್ಕವನ್ನು ಸಿದ್ದಾಪುರದ ಎಷ್ಟು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೋ ನನಗೇ ನೆನಪಿಲ್ಲ. ನಾನು ಮಾತ್ರ ರಿಟೈರಾಗಿ ಆರು ವರ್ಷವಾಗುವವರೆಗೂ ವಿಮಾನ ಹತ್ತಿದವಳಲ್ಲ. ಮೊನ್ನೆ ಹತ್ತಿದೆ. ಹತ್ತಬೇಕಾದ ದಿನ ಹತ್ತಲಿಲ್ಲ, ಅದನ್ನೇ ಬರೆಯಲು ಕೂತಿದ್ದೇನೆ.

ತಿಲಕ್ ನಮ್ಮ ಶಾಲೆಯ ಹಾಸ್ಟೆಲಿನಲ್ಲಿ ಅಡುಗೆಗಿದ್ದ. ನೇಪಾಳದ ಯಾವುದೋ ಗುಡ್ಡದ ಮೇಲಿನ ಊರಿನವನು. ಹೆಂಡತಿ, ಮಗ ಊರಲ್ಲಿ; ಮಗಳು ಸರಿತಾಳನ್ನು ಮಾತ್ರ ಜೊತೆಗೆ ಕರೆತಂದು ನಮ್ಮ ಶಾಲೆಗೇ ಹಾಕಿದ್ದ. ನನಗಿಂತ ನಾಲ್ಕು ವರ್ಷ ಚಿಕ್ಕವನಿರಬೇಕು. ಅವನ ಕೈಯ ತಿಳಿಸಾರು ನನ್ನ ಕೈಯದ್ದಕ್ಕಿಂತ ಚೆನ್ನಾಗಿರುತ್ತಿತ್ತು ಎಂದು ನನ್ನ ಗಂಡನೇ ನನ್ನೆದುರು ಹೇಳಿದ್ದುಂಟು. ನಮ್ಮ ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಅವನಿಗೆ ಪ್ರಾಣ. ನಾನು ನಮ್ಮೂರು ಕಾನಸೂರಿನ ಬಸ್ಸಿಳಿದು ಬರುವಾಗ ಕೈಚೀಲದ ಕಡೆಗೇ ನೋಡುತ್ತಿದ್ದ. ಬಸ್‌ಸ್ಟ್ಯಾಂಡಿನ ಎದುರು ತರಕಾರಿ ಮಾರುವ ಫಕೀರಪ್ಪ, ಹಾವೇರಿ ಕಡೆಯವನು, "ಬರ್ರಿ ನೇಪಾಳದ ಮಹಾರಾಜರ," ಎಂದು ಅವನನ್ನು ಕರೆದು ಕೊತ್ತಂಬರಿ ಕಟ್ಟು ಪುಕ್ಕಟೆ ಕೊಡುತ್ತಿದ್ದ.

ಸರಿತಾ ಚುರುಕು ಹುಡುಗಿ. ರಾಜಧಾನಿಗಳ ಪಾಠದ ದಿನ ಎದ್ದು ನಿಂತು, "ಅಕ್ಕೋರೇ, ನಮ್ಮ ಬಿಳಗಿನೂ ಹಿಂದೆ ರಾಜಧಾನಿ ಆಗಿತ್ತಲ್ಲ, ಬಿಳಗಿಯಿಂದ ಕಠ್ಮಂಡುಗೆ ಎಷ್ಟು?" ಎಂದು ಕೇಳಿದವಳು. ಸಿದ್ದಾಪುರದ ಪಕ್ಕದ ಆ ಹಳ್ಳಿಯನ್ನು "ನಮ್ಮ ಬಿಳಗಿ" ಎಂದಿದ್ದು ನನಗೆ ಬಹಳ ಇಷ್ಟವಾಗಿತ್ತು, ಆದರೆ ತೋರಿಸಿಕೊಳ್ಳಲಿಲ್ಲ. ನಾನು ಬಿಗಿ ಅಕ್ಕೋರು. ಪಾಠ ಭೂಗೋಳವೇ ಆದರೂ ಉತ್ತರದಲ್ಲಿ ಒಂದು ದೀರ್ಘ ತಪ್ಪಿದರೆ ಅರ್ಧ ಅಂಕ ಕಳೆಯುತ್ತಿದ್ದೆ.

ಇನ್ನೊಂದು ಹೇಳಲೇಬೇಕು. ನಮ್ಮ ಮನೆಮಾತಿನಲ್ಲಿ "ಇಲ್ಲ" ಎನ್ನುವುದಕ್ಕೆ "ಇಲ್ಲೆ" ಎನ್ನುತ್ತೇವೆ. ಗೊತ್ತಿಲ್ಲೆ, ಬೇಕಾಗಿಲ್ಲೆ, ಹೀಗೆ. ಸರಿತಾ ಹಾಸ್ಟೆಲಿನ ಹುಡುಗಿಯರ ಜೊತೆ ಬೆಳೆದು ಇದನ್ನೇ ಕಲಿತಿದ್ದಳು. "ಹೋಮ್‌ವರ್ಕ್ ಮಾಡಿದ್ಯಾ?" ಎಂದರೆ, "ಇಲ್ಲೆ ಅಕ್ಕೋರೇ." ನಾನು ಬಿಡುತ್ತಿರಲಿಲ್ಲ. "ಇಲ್ಲೇ ಇದ್ದರೆ ತೋರಿಸು, ಎಲ್ಲಿದೆ?" ಎನ್ನುತ್ತಿದ್ದೆ. ಇಡೀ ತರಗತಿ ನಗುತ್ತಿತ್ತು. "ಮನೆಯಲ್ಲಿ ಎಂತ ಬೇಕಾದರೂ ಮಾತಾಡು. ಶಾಲೆಯಲ್ಲಿ ಇಲ್ಲ ಅಂದರೆ ಇಲ್ಲ, ಇಲ್ಲೇ ಅಂದರೆ ಇಲ್ಲಿಯೇ." ವರ್ಷದೊಳಗೆ ಅವಳ ಬಾಯಿಂದ ಆ ಮಾತನ್ನು ಪೂರ್ತಿ ಬಿಡಿಸಿದೆ. ಆಗ ಅದು ನನಗೆ ದೊಡ್ಡ ಸಾಧನೆ ಅನ್ನಿಸಿತ್ತು.

ಅವಳು ಹತ್ತನೇ ತರಗತಿ ಮುಗಿಸಿದ ವರ್ಷ ಅಪ್ಪ-ಮಗಳು ಊರಿಗೆ ಹೊರಟರು. ಹೊರಡುವ ದಿನ ತಿಲಕ್ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ಅಕ್ಕೋರೇ, ನಮ್ಮೂರು ಎಷ್ಟು ದೂರ ಅಂತ ಒಂದ್ಸಲ ನಂಗೂ ತೋರಿಸಿ," ಎಂದ. ನಾನು ಅಟ್ಲಾಸ್ ತೆರೆದು, ಮುಡಿದ ಹೂವಿನ ಬಾಳೆನಾರನ್ನು ಬಿಚ್ಚಿ ದಿಲ್ಲಿಯಿಂದ ಕಠ್ಮಂಡುವಿಗೆ ಹಿಡಿದೆ. ಎರಡು ಬೆರಳಗಲವೂ ಆಗಲಿಲ್ಲ.

"ವಿಮಾನದಲ್ಲಿ ಒಂದೂವರೆ ತಾಸು," ಎಂದೆ.

"ನಂಗೆ ದಿಲ್ಲಿಯಿಂದ ಬಸ್ಸಲ್ಲಿ ಒಂದೂವರೆ ದಿನ," ಎಂದು ನಕ್ಕ. "ಒಂದೂವರೆ ತಾಸು ಅಂದ್ರೆ ಶಿರಸಿಗೆ ಹೋದ ಹಾಗೆ. ಇಲ್ಲೇ ಆಯ್ತಲ್ಲ. ನೀವು ಬರ್ಲೇಬೇಕು."

"ರಿಟೈರಾದ ಮೇಲೆ ಮೊದಲ ಪ್ರಯಾಣ ನಿನ್ನ ಮನೆಗೇ," ಎಂದೆ. ಮಾತು ಕೊಡುವುದು ಎಷ್ಟು ಸಲೀಸು ನೋಡಿ.

ರಿಟೈರಾದೆ. ಮೊದಲ ವರ್ಷ ಮೊಣಕಾಲು ನೋವು. ಆಮೇಲೆ ಕೊರೋನಾ. ಆಮೇಲೆ ಯಲ್ಲಾಪುರದ ತವರಿನಲ್ಲಿ ಮದುವೆ, ಮತ್ತೆ ಮನೆಗೆ ಬಣ್ಣ ಹೊಡೆಸುವುದು. ನವರಾತ್ರಿ ಹೊತ್ತಿಗೆ ಪ್ರತಿವರ್ಷ ತಿಲಕನ ಫೋನು ಬರುತ್ತಿತ್ತು, "ಈ ವರ್ಷ ಅಕ್ಕೋರೇ?" ಎಂದು. "ಬರುವ ವರ್ಷ ಗ್ಯಾರಂಟಿ," ಎನ್ನುತ್ತಿದ್ದೆ. ಈ ಸಲ ಅವನ ಬದಲು ಸರಿತಾ ಮಾಡಿದಳು. "ಅಪ್ಪಂಗೆ ಪುಪ್ಪುಸದ ಕಾಯಿಲೆ. ಅಕ್ಕೋರು ಯಾವಾಗ ಬರ್ತಾರೆ ಅಂತ ಕೇಳ್ತಾನೇ ಇದ್ದಾನೆ," ಎಂದಳು. ಅವತ್ತೇ ಟಿಕೆಟ್ ಮಾಡಿಸಿದೆ. ಅವನು ಕಣ್ಣು ಬಿಟ್ಟಿರುವಾಗ ಒಮ್ಮೆ ಹೋಗಿ ಹತ್ತಿರ ಕೂತು ಬರಬೇಕು, ನನಗೆ ಬೇಕಾಗಿದ್ದು ಅಷ್ಟೆ.

ದಿಲ್ಲಿ

ದಿಲ್ಲಿಯಲ್ಲಿ ನನ್ನ ತಂಗಿಯ ಮನೆ. ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಅಲ್ಲಿ ಒಂದು ದಿನ ಸುಧಾರಿಸಿಕೊಂಡು ವಿಮಾನ ಹತ್ತುವುದೆಂದು ಲೆಕ್ಕ. ನನ್ನ ಹತ್ತಿರ ಪಾಸ್‌ಪೋರ್ಟ್ ಇಲ್ಲ. ನೇಪಾಳಕ್ಕಾದರೆ ನಮ್ಮ ವೋಟರ್ ಕಾರ್ಡೇ ಸಾಕು. ಅದರಲ್ಲಿರುವ ಫೋಟೋ ನೋಡಿ ತಂಗಿ, "ಇದ್ರಲ್ಲಿ ಇಪ್ಪದು ನೀನಲ್ಲ, ಯಾರೋ ಕಳ್ಳಿ. ನಿನ್ನ ಬಿಡ್ತ್ವಿಲ್ಲೆ," ಎಂದು ಹೆದರಿಸಿದಳು.

ದಿಲ್ಲಿ ಮುಟ್ಟಿದ ದಿನವೇ ಸರಿತಾಳಿಗೆ ಫೋನ್ ಮಾಡಿದೆ. ಲೈನು ಸರಿ ಇರಲಿಲ್ಲ. ಹಿಂದೆ ಯಾರ್ಯಾರೋ ಮಾತಾಡುವ ಗಲಾಟೆ. ಅವಳ ದನಿ ಬಿದ್ದುಹೋಗಿತ್ತು.

"ಅಪ್ಪ ಹೇಗಿದ್ದಾನೆ ಮಗಾ?" ಎಂದೆ.

"ಅಪ್ಪ ಇಲ್ಲೆ, ಅಕ್ಕೋರೇ," ಎಂದಳು.

ಅಲ್ಲೇ ಮಂಚದ ಮೇಲೆ ಕೂತೆ. "ಯಾವಾಗ?" ಎಂದೆ.

"ನಿನ್ನೆ..." ಎಂದಳು. ಇನ್ನೂ ಏನೋ ಹೇಳುತ್ತಿದ್ದಳು, ಲೈನು ತುಂಡಾಯಿತು.

ತಂಗಿ ನನ್ನ ಬೆನ್ನು ಸವರುತ್ತ ಕೂತಳು. ಮರುದಿನದ ಮರುದಿನ ನನ್ನ ವಿಮಾನ. ಹೋಗುವುದೋ ಬಿಡುವುದೋ? ನಾವು ಇಂಥದ್ದರಲ್ಲಿ ಬೆಳೆದವರು. ಸಾವಾದ ಮನೆಗೆ ಹೋಗಿ ನೋಡಿಬರುವುದು ಬೇರೆ, ಅಲ್ಲಿ ನಾಲ್ಕು ದಿನ ನೆಂಟಳಾಗಿ ಉಳಿಯುವುದು ಬೇರೆ. ಅವರಲ್ಲಿಯೂ ಹದಿಮೂರು ದಿನದ ಸೂತಕ ಎಂದು ತಿಲಕನೇ ಹೇಳಿದ್ದ. "ಈಗ ಹೋದ್ರೆ ಆ ಕೂಸಿಗೆ ನಿನ್ನ ಚಾಕರಿ ಬೇರೆ," ಎಂದಳು ತಂಗಿ. "ಹದಿಮೂರು ಕಳೀಲಿ. ಹೋದವ ಹೋದ, ಇನ್ನು ಓಡಿಹೋಗಿ ಎಂತ ಮಾಡ್ತೆ?" ನನಗೂ ಅದು ಸರಿಯೆನಿಸಿತು. ಮತ್ತೆ ಫೋನ್ ಮಾಡಿ ಆ ಹುಡುಗಿಯನ್ನು ಅಳಿಸುವುದು ಬೇಡವೆಂದು ವಾಟ್ಸ್ಯಾಪಿನಲ್ಲಿ ಬರೆದೆ: "ಈಗ ಬಂದು ನಿಮಗೆ ತೊಂದರೆ ಕೊಡುವುದಿಲ್ಲ. ಹದಿನೈದು ದಿನದೊಳಗೆ ಬರುತ್ತೇನೆ. ಧೈರ್ಯ ತಗೋ." "ಆಯ್ತು ಅಕ್ಕೋರೇ," ಎಂದು ಬರೆದು ಕೈಮುಗಿದ ಚಿತ್ರ ಹಾಕಿದಳು. ಟಿಕೆಟ್ ಮುಂದೆ ಹಾಕಿಸಿದೆ.

ಆಮೇಲೆ ನಾನು ದಿಲ್ಲಿ ನೋಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೆಂಪು ಕೋಟೆ ನೋಡಿದೆ, ಸ್ವೆಟರ್ ಕೊಂಡೆ. ಐದನೆಯ ದಿನ ಹುಮಾಯೂನನ ಗೋರಿಯ ಎದುರಿನ ಹುಲ್ಲಿನ ಮೇಲೆ ಕೂತು ತಂಗಿಯೂ ನಾನೂ ಶೇಂಗಾ ತಿನ್ನುತ್ತಿದ್ದಾಗ ಸರಿತಾಳ ಮೆಸೇಜು ಬಂತು: "ಅಪ್ಪ ಹೋದ ಅಕ್ಕೋರೇ." ಪಾಪ, ಹುಡುಗಿಗೆ ದುಃಖ ಮತ್ತೆ ಮತ್ತೆ ಉಕ್ಕಿ ಬರುತ್ತಿದೆ, ಹೇಳಿದ್ದನ್ನೇ ಹೇಳುತ್ತಿದ್ದಾಳೆ ಎಂದುಕೊಂಡೆ. "ಗೊತ್ತು ಮಗಾ. ಸಮಾಧಾನ ಮಾಡ್ಕೋ," ಎಂದು ಬರೆದು ಮತ್ತೆ ಶೇಂಗಾ ಸುಲಿದೆ.

ಆಕಾಶ

ನನ್ನ ಪಕ್ಕದಲ್ಲಿ ಕೂತವನು ಕೊಲ್ಲಿ ದೇಶದಿಂದ ರಜೆಗೆ ಊರಿಗೆ ಹೊರಟಿದ್ದ ನೇಪಾಳಿ. ಮೊಣಕಾಲ ಮೇಲೆ ದೊಡ್ಡದೊಂದು ಕಂಬಳಿ ಪ್ಯಾಕೆಟ್ಟು, ಅದನ್ನು ಮೇಲಿಡಲು ಯಾರಿಗೂ ಕೊಡಲಿಲ್ಲ. ಹಿಮಾಲಯ ಎಡಗಡೆ ಕಾಣುತ್ತದೆಂದು ಇಡೀ ತರಗತಿಗೆ ಹೇಳುತ್ತಿದ್ದವಳು ನಾನು, ನನಗೆ ಸಿಕ್ಕಿದ್ದು ಬಲಗಡೆಯ ಸೀಟು. ಎಡಗಡೆಯವರು ಕಿಟಕಿಯ ಪರದೆ ಎಳೆದು ನಿದ್ದೆ ಮಾಡಿದರು. ಎಬ್ಬಿಸುವ ಧೈರ್ಯವಾಗಲಿಲ್ಲ.

ಟಿಕೆಟಿನಲ್ಲಿ ಹೊರಡುವ ಹೊತ್ತಿಗೂ ಮುಟ್ಟುವ ಹೊತ್ತಿಗೂ ಎರಡು ತಾಸಿನ ಅಂತರವಿತ್ತು. ಒಂದೂಮುಕ್ಕಾಲು ತಾಸಿನ ದಾರಿಗೆ ಇದೆಂತ ಎರಡು ತಾಸು, ಪ್ರಿಂಟಿನಲ್ಲೇ ತಪ್ಪು ಎಂದು ನಾನು ಗಗನಸಖಿಯ ಹತ್ತಿರ ಜಗಳಕ್ಕೆ ನಿಂತೆ. ಕಂಬಳಿಯವನು ನಕ್ಕು ಹಿಂದಿಯಲ್ಲಿ, "ನಮ್ಮ ಗಡಿಯಾರ ನಿಮಗಿಂತ ಹದಿನೈದು ನಿಮಿಷ ಮುಂದೆ, ತಾಯಿ," ಎಂದ. ನನಗೆ ಬೆವರೇ ಬಂತು. ನೇಪಾಳದ ರೇಖಾಂಶ, ನಮ್ಮ ರೇಖಾಂಶ, ಡಿಗ್ರಿಗೆ ನಾಲ್ಕು ನಿಮಿಷ ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿಲ್ಲ ನಾನು. ಕಲಿಸಿದ್ದು ಕಲಿಸಿದವಳಿಗೇ ಮರೆತುಹೋದರೆ ಎಂತ ಹೇಳುವುದು? ವಾಚಿನ ಮುಳ್ಳು ತಿರುಗಿಸಿಕೊಂಡೆ.

ಕಠ್ಮಂಡುವಿನ ಮೇಲೆ ಬಂದರೂ ಇಳಿಯಲು ಜಾಗವಿಲ್ಲವೆಂದು ವಿಮಾನ ಗುಡ್ಡಗಳ ಮೇಲೆ ಸುತ್ತು ಹಾಕತೊಡಗಿತು. ಮುಟ್ಟಿಯೂ ಮುಟ್ಟದ ಸ್ಥಿತಿ. ಕಂಬಳಿಯವನು ಮಾತ್ರ ಕುತ್ತಿಗೆ ಚಾಚಿ ಕೆಳಗೆ ತನ್ನ ಮನೆಯೇ ಕಾಣುವಂತೆ ನೋಡುತ್ತಿದ್ದ. ನಾಲ್ಕು ವರ್ಷದ ಮೇಲೆ ಬರುತ್ತಿದ್ದನಂತೆ. ನಾನು ನನ್ನ ಆರು ವರ್ಷ ಲೆಕ್ಕ ಹಾಕಿದೆ.

ಕಠ್ಮಂಡು

ಬ್ಯಾಗಿನಲ್ಲಿದ್ದ ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಸಡಿಲವಾಗಿ ಹೊಸ ಸ್ವೆಟರಿಗೆ ಅಪ್ಪೆಮಿಡಿಯ ರಸ ಇಳಿದಿತ್ತು. ತಪಾಸಣೆಯವನು ಬ್ಯಾಗಿಗೆ ಮೂಗು ತಾಗಿಸಿ, ಆಮೇಲೆ ಎರಡನೇ ಸಲ ಬೇಕೆಂದೇ ಮೂಸಿ, "ಅಚಾರ್?" ಎಂದ. ಹೌದೆಂದೆ. ಬಲಗೈಯಲ್ಲಿ ಬಾಟಲಿ ವಾಪಸು ಕೊಡುವಾಗ ಎಡಗೈಯಿಂದ ಬಲ ಮೊಣಕೈ ಮುಟ್ಟಿಕೊಂಡ. ಅಲ್ಲಿ ಎಲ್ಲರೂ ಮರ್ಯಾದೆಗೆ ಹಾಗೆಯೇ ಕೊಡುತ್ತಾರೆ, ಚಿಲ್ಲರೆ ಕೊಡುವ ಅಂಗಡಿಯವನೂ. ತಿಲಕ್ ನನಗೆ ಚಹಾದ ಲೋಟ ಕೊಡುವಾಗ ಮೊಣಕೈ ಹಿಡಿದುಕೊಳ್ಳುತ್ತಿದ್ದ. ಅವನಿಗೆ ಕೈನೋವು ಎಂದೇ ನಾನು ತಿಳಿದಿದ್ದೆ. ಒಮ್ಮೆ ಹಚ್ಚಿಕೊಳ್ಳಲು ಎಣ್ಣೆಯನ್ನೂ ತಂದುಕೊಟ್ಟಿದ್ದೆ. ಅವನು ಅದನ್ನು ಕೈಮುಗಿದು ತಗೊಂಡಿದ್ದ.

ಸರಿತಾ ಹೊರಗೆ ಕಾದಿದ್ದಳು. ಸೀರೆಯುಟ್ಟ ದೊಡ್ಡ ಹೆಂಗಸು, ಮದುವೆಯಾಗಿದೆ, ಶಾಲೆಯೊಂದರಲ್ಲಿ ಪಾಠ ಮಾಡುತ್ತಾಳೆ. ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ. "ಅಪ್ಪಂಗೆ ನಿಮ್ಮನ್ನ ನೋಡೋದೊಂದು ಉಳೀತು ಅಕ್ಕೋರೇ," ಎಂದಳು. ಟ್ಯಾಕ್ಸಿಯಲ್ಲಿ ನನ್ನ ಕೈ ಹಿಡಿದುಕೊಂಡೇ ಕೂತಳು. ರಸ್ತೆಯಲ್ಲಿ ಅಷ್ಟು ಗಾಡಿ, ಅಷ್ಟು ಧೂಳು, ಆದರೆ ಯಾರೂ ಹಾರ್ನ್ ಮಾಡುವುದಿಲ್ಲ. ನಮ್ಮ ಶಿರಸಿಯ ಸರ್ಕಲ್ಲಿನಲ್ಲಿ ಒಬ್ಬ ದಾಟುವಾಗ ಮಾಡುವ ಸದ್ದನ್ನು ಅವರು ಇಡೀ ಊರಿಗೆ ಮಾಡುವುದಿಲ್ಲ. ಡ್ರೈವರ್ ಎದುರಿನವನಿಗೆ "ಬಿಸ್ತಾರೈ, ಬಿಸ್ತಾರೈ," ಎನ್ನುತ್ತಿದ್ದ. ಹಾಗೆಂದರೆ ಸಾವಕಾಶ ಎಂದಳು ಸರಿತಾ.

ಸರಿತಾಳದು ಎರಡು ಕೋಣೆಯ ಬಾಡಿಗೆ ಮನೆ. ಒಳಗೆ ಹೋದವಳು ಬಾಗಿಲಲ್ಲೇ ನಿಂತೆ. ಮೂಲೆಯಲ್ಲಿ ಹಾಸಿದ ಒಣಹುಲ್ಲಿನ ಮೇಲೆ ತಿಲಕನ ಮಗ ಕೂತಿದ್ದ. ತಲೆ ಬೋಳಿಸಿತ್ತು, ಮೈಮೇಲೆ ಹೊಲಿಯದ ಬಿಳಿ ಬಟ್ಟೆ. ಅವನನ್ನು ಯಾರೂ ಮುಟ್ಟುವ ಹಾಗಿಲ್ಲವೆಂದು ತಾಯಿ ದೂರದಿಂದಲೇ ನೀರಿಟ್ಟು ಸರಿದರು. ನಾನು ಮನಸ್ಸಿನಲ್ಲೇ ಎಣಿಸಿದೆ. ನನ್ನ ಲೆಕ್ಕಕ್ಕೆ ಅವತ್ತು ಹದಿನೈದನೇ ದಿನ. ಎಲ್ಲ ಮುಗಿದು ಮನೆ ತೊಳೆದಿರಬೇಕಿತ್ತು.

"ನಿಮ್ಮಲ್ಲಿ ಹದಿಮೂರೇ ಅಲ್ಲವಾ?" ಎಂದೆ. "ಇನ್ನೂ ಕೂತಿದ್ದಾನೆ?"

"ಹದಿಮೂರೇ ಅಕ್ಕೋರೇ. ಇವತ್ತು ಒಂಬತ್ತು."

"ಒಂಬತ್ತು ಹೇಗಾಗ್ತದೆ? ನಾನು ದಿಲ್ಲಿಗೆ ಬಂದ ಹಿಂದಿನ ದಿನವೇ ಅಲ್ಲವಾ ಅವನು..."

ಸರಿತಾ ನನ್ನ ಮುಖ ನೋಡಿದಳು. "ಆ ದಿನ ಅಪ್ಪನ್ನ ಊರಿಂದ ಇಲ್ಲಿಗೆ ಕರ್ಕೊಂಡು ಬಂದಿದ್ದು. ಆಸ್ಪತ್ರೆಗೆ ತೋರಿಸ್ಲಿಕ್ಕೆ. ನೀವು ಫೋನ್ ಮಾಡ್ದಾಗ ನನ್ನ ಪಕ್ಕದಲ್ಲೇ ಮಲಗಿದ್ದ. ಹೇಳಿದ್ನಲ್ಲ ಅಕ್ಕೋರೇ, ಅಪ್ಪ ಇಲ್ಲೇ, ನಿನ್ನೆ ಕರ್ಕೊಂಡು ಬಂದ್ವಿ ಅಂತ."

ಇಲ್ಲೇ. ದೀರ್ಘ. ಅವಳು ದೀರ್ಘವನ್ನೇ ಹೇಳಿದ್ದಳು. ಶಾಲೆಯಲ್ಲಿ ನಾನು ಕಲಿಸಿದ ಹಾಗೆಯೇ, ಇಲ್ಲಿಯೇ ಎನ್ನುವುದಕ್ಕೆ ಇಲ್ಲೇ ಎಂದಿದ್ದಳು. ನಾನು ಮನೆಮಾತಿನ ಕಿವಿಯಿಂದ ಕೇಳಿದೆ. ಅವಳ ಬಾಯಿಯಿಂದ ಬಿಡಿಸಿದ್ದು ನನ್ನ ಕಿವಿಯಲ್ಲೇ ಉಳಿದಿತ್ತು.

ಗೋಡೆ ಹಿಡಿದು ಕೂತೆ. ಮುಚ್ಚಿಡಲು ನನಗೆ ಬರುವುದಿಲ್ಲ, ಎಲ್ಲ ಹೇಳಿದೆ. ಕೇಳಿಸಿಕೊಂಡದ್ದು, ಸೂತಕವೆಂದು ತಡೆದದ್ದು, ಟಿಕೆಟ್ ಮುಂದೆ ಹಾಕಿಸಿದ್ದು, ಶೇಂಗಾ ತಿಂದದ್ದನ್ನೂ ಹೇಳಿದೆ. ಮೊದಲಿನ ಟಿಕೆಟಿನಲ್ಲೇ ಬಂದಿದ್ದರೆ ಮೂರು ದಿನ ಅವನ ಹತ್ತಿರ ಕೂತಿರಬಹುದಿತ್ತು.

ಸರಿತಾ ಬಂದು ನನ್ನ ಪಕ್ಕದಲ್ಲೇ ಕೂತಳು. ಆಮೇಲೆ, "ಅಪ್ಪ ಹೋದ ಅಂತ ಬರೆದಾಗ ನೀವು ಗೊತ್ತು ಅಂದ್ರಿ," ಎಂದಳು. "ಅಕ್ಕೋರಿಗೆ ಯಾರು ಹೇಳಿದ್ರಪ್ಪ ಅಂತ ನಂಗೆ ಆಶ್ಚರ್ಯ ಆಗಿತ್ತು." ಮತ್ತೆ, "ಇಲ್ಲೆ ಅನ್ಬಾರ್ದು ಅಂತ ನೀವೇ ಅಲ್ವಾ ಹೇಳಿದ್ದು? ನಾನು ಆಮೇಲೆ ಒಂದಿನಾನೂ ಅಂದಿಲ್ಲ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ. ಹೋಮ್‌ವರ್ಕ್ ಮಾಡಿಕೊಂಡು ಬಂದ ಹುಡುಗಿಯ ದನಿಯಲ್ಲೇ ಹೇಳಿದಳು. ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಕಠ್ಮಂಡು, ಮರುದಿನ

ಪಶುಪತಿನಾಥನ ಗುಡಿಯ ಪಕ್ಕದ ನದಿಯ ದಡಕ್ಕೆ ಸರಿತಾ ನನ್ನನ್ನು ಕರೆದೊಯ್ದಳು. ಅಲ್ಲಿಯೇ ತಿಲಕನನ್ನು ಸುಟ್ಟದ್ದು. ಗುಡಿಯ ಪೂಜೆಗೆ ನಮ್ಮ ರಾಜ್ಯದ ಭಟ್ಟರೇ ಇರುತ್ತಾರೆಂದು ಮೊದಲಿನಿಂದ ಕೇಳಿದ್ದೆ, ನೋಡಬೇಕೆಂಬ ಆಸೆಯೂ ಇತ್ತು. ಅವತ್ತು ಯಾರನ್ನೂ ಮಾತಾಡಿಸುವ ಮನಸ್ಸಾಗಲಿಲ್ಲ. ಆಚೆ ದಡದಲ್ಲಿ ಜನ ಮೆಟ್ಟಿಲ ಮೇಲೆ ಕೂತು ಉರಿಯುವ ಚಿತೆಗಳನ್ನು ನೋಡುತ್ತ ಜೋಳ ತಿನ್ನುತ್ತಿದ್ದರು. ನಮ್ಮಲ್ಲಾದರೆ ಇದಕ್ಕೆ ಬೈಯುತ್ತಿದ್ದೆ. ಗೋರಿಯ ಎದುರು ಶೇಂಗಾ ಸುಲಿದವಳಿಗೆ ಬೈಯುವ ಬಾಯಿ ಎಲ್ಲಿದೆ.

"ಕೊನೆಗೆ ಏನಾದ್ರೂ ಹೇಳಿದ್ನಾ?" ಎಂದು ಕೇಳಿದೆ. ಕೇಳಬಾರದಿತ್ತು.

"ಅಕ್ಕೋರು ದಿಲ್ಲಿಗೆ ಬಂದಿದ್ದಾರೆ ಅಂತ ನಾನೇ ಹೇಳಿದ್ದೆ. ದಿನಾ ಕೇಳ್ತಿದ್ದ, ಹೊರಟ್ರಾ ಅಂತ. ಅವರಿಗೆ ಏನೋ ತೊಂದರೆ ಇರ್ಬೇಕು, ಹದಿನೈದು ದಿನ ಬಿಟ್ಟು ಬರ್ತಾರಂತೆ ಅಂದೆ. ಅಪ್ಪ ನಕ್ಕ. ದಿಲ್ಲಿ ಅಂದ್ರೆ ಒಂದೂವರೆ ತಾಸು ಮಗಾ, ಇಲ್ಲೇ ಆಯ್ತು, ಬರ್ತಾರೆ ಬಿಡು ಅಂದ."

ಕನ್ನಡದಲ್ಲೇ ಅಂದನಂತೆ. ನನ್ನ ವಿಷಯ ಬಂದಾಗೆಲ್ಲ ಕನ್ನಡದಲ್ಲೇ ಮಾತಾಡುತ್ತಿದ್ದನಂತೆ.

ಉಪ್ಪಿನಕಾಯಿ ಬಾಟಲಿಯನ್ನು ಅವನ ಹೆಂಡತಿ ಎರಡೂ ಕೈಯಲ್ಲಿ ತಗೊಂಡು ಮೇಲಿನ ಶೆಲ್ಫಿನಲ್ಲಿಟ್ಟರು. ಮಗ ಹದಿಮೂರು ದಿನ ಉಪ್ಪು ಮುಟ್ಟುವಂತಿಲ್ಲ, ಹಾಗಾಗಿ ಅವನ ಕಣ್ಣಿಗೆ ಬೀಳದ ಹಾಗೆ ಮುಂದೆ ಒಂದು ಡಬ್ಬಿ ಅಡ್ಡವಿಟ್ಟರು. ಮುಗಿದ ಮೇಲೆ ತೆಗೆಯುತ್ತೇವೆ ಎಂದು ಸನ್ನೆ ಮಾಡಿದರು. ಅವರಿಗೆ ನನ್ನ ಭಾಷೆ ಬರುವುದಿಲ್ಲ, ನನಗೆ ಅವರದ್ದು ಬರುವುದಿಲ್ಲ. ನಾನು ಹೊರಡುವಾಗ ಒಂದು ಲೋಟ ಚಹಾ ಕೊಟ್ಟರು, ಮೊಣಕೈ ಮುಟ್ಟಿಕೊಂಡು. ನಾನೂ ಹಾಗೆಯೇ ಮೊಣಕೈ ಮುಟ್ಟಿಕೊಂಡು ತಗೊಂಡೆ.

ಮತ್ತೆ ಸಿದ್ದಾಪುರ

ಬರುವಾಗ ಗಡಿಯಾರ ಹದಿನೈದು ನಿಮಿಷ ವಾಪಸು ಕೊಟ್ಟಿತು. ಎಡಗಡೆಯ ಸೀಟು ಕೇಳಿದ್ದೆ, ಸಿಕ್ಕಿತು. ಬರುವಾಗ ಹಿಮಾಲಯ ಬಲಗಡೆಗೆ ಬರುತ್ತದೆ ಎನ್ನುವುದು ಕೂತ ಮೇಲೆ ಹೊಳೆಯಿತು.

ಊರಿಗೆ ಬಂದು ಎರಡು ದಿನದ ಮೇಲೆ ಸಿದ್ದಾಪುರದ ಬ್ಯಾಂಕಿಗೆ ಹೋಗಬೇಕಾಯಿತು. ಬಸ್ಸಿಳಿದು ರಸ್ತೆ ದಾಟುತ್ತಿದ್ದಂತೆ ಫಕೀರಪ್ಪ ತರಕಾರಿ ರಾಶಿಯ ಹಿಂದಿನಿಂದ ಎದ್ದು ನಿಂತ. ತಿಲಕನ ಸಾವಿನ ಸುದ್ದಿ ಅವನಿಗೆ ಯಾರೂ ಹೇಳಿರಲಿಲ್ಲ.

"ಬರ್ರಿ ಅಕ್ಕೋರ. ನೇಪಾಳಕ್ಕ ಹೋಗಿದ್ರಂತ. ನಮ್ಮ ಮಹಾರಾಜ ಸಿಕ್ಕಿದ್ನೇನ್ರಿ?"

ಮೂವತ್ತೆರಡು ವರ್ಷ ಶಾಲೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಅಂಗಡಿಯಲ್ಲಿ ಎಲ್ಲಿಯೂ ನಾನು ಮನೆಮಾತು ಆಡಿದವಳಲ್ಲ. ಅವತ್ತು ಬಾಯಿಗೆ ಬಂದದ್ದು ಅದೊಂದೇ ಮಾತು.

"ಇಲ್ಲೆ," ಎಂದೆ.

ಫಕೀರಪ್ಪನ ಮುಖ ಅರಳಿತು. ಕೈಯಲ್ಲಿದ್ದ ಕೊತ್ತಂಬರಿ ಕಟ್ಟನ್ನು ಹಿಡಿದುಕೊಂಡೇ ಮುಂದೆ ಬಂದು, ನನ್ನ ಹೆಗಲ ಆಚೆ, ಬಸ್ಸಿನ ಬಾಗಿಲ ಕಡೆ ಬಗ್ಗಿ ನೋಡಿದ. "ಇಲ್ಲೇ? ಕರಕೊಂಡ ಬಂದೇ ಬಿಟ್ಟ್ರೇನ್ರಿ? ಎಲ್ಲಿ ಅದಾನ್ರಿ?"

ನಾನೂ ಹಿಂದೆ ತಿರುಗಿ ನೋಡಿದೆ.